ಐದು ಮಿಲಿಮೀಟರ್ ಅಲೆಯ ಮೇಷ್ಟ್ರು: ಆಚಾರ್ಯ ಜಗದೀಶಚಂದ್ರ ಬೋಸ್



ಈದ್ ನಮಾಝ್ ಮುಗಿದ ಮೇಲೆ ಈದ್ಗಾ ಮೈದಾನದಲ್ಲಿ ನಡೆಯುವ ಒಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಖುತ್ಬಾ ಮುಗಿಯಿತು, ಅಕ್ಕಪಕ್ಕದವರನ್ನು ಅಪ್ಪಿಕೊಂಡು ಮುಬಾರಕ್ ಹೇಳಿದ್ದಾಯಿತು. ಮರುಕ್ಷಣವೇ ಎಲ್ಲರ ಕೈಯೂ ಜೇಬಿನ ಮೊಬೈಲಿಗೆ ಹೋಗುತ್ತದೆ. ಬೇರೆ ಊರಿನಲ್ಲಿರುವ ಅಣ್ಣನಿಗೆ, ದುಬೈಯಲ್ಲಿರುವ ಮಗನಿಗೆ ಹಬ್ಬದ ಶುಭಾಶಯ ಹೇಳಬೇಕು. ಆದರೆ ಕರೆ ಹೋಗುವುದಿಲ್ಲ. ಟವರ್ ಕಣ್ಣೆದುರಿಗೇ ನಿಂತಿದೆ, ಸಿಗ್ನಲ್ ಕಡ್ಡಿಗಳೂ ತುಂಬಿವೆ, ಆದರೂ ಕರೆ ಸಿಗುವುದಿಲ್ಲ. ಮನೆಗೆ ಬಂದು ಶೀರ್ ಖುರ್ಮಾ ಕುಡಿಯುವ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತದೆ.

ಕಾರಣ ಸರಳ. ಒಂದು ಟವರಿಗೆ ಸಿಕ್ಕಿರುವ ರೇಡಿಯೋ ಅಲೆಗಳ ಪಟ್ಟಿ ಇಷ್ಟೇ ಎಂದು ಗೊತ್ತುಮಾಡಲಾಗಿದೆ. ಪತ್ರಿಕೆಗಳು ತರಂಗಾಂತರ ಎಂದು ಬರೆಯುವುದು ಇದನ್ನೇ. ಅದರಲ್ಲಿ ಒಂದೇ ಹೊತ್ತಿಗೆ ಇಷ್ಟು ಜನ ಮಾತನಾಡಬಹುದು, ಅದಕ್ಕಿಂತ ಹೆಚ್ಚು ಜನ ಬಂದರೆ ಜಾಗವಿಲ್ಲ. ಒಂದೇ ಹಾಲ್‌ನಲ್ಲಿ ಐದನೇ ತರಗತಿಗೆ ಉರ್ದು, ಆರನೇ ತರಗತಿಗೆ ಕನ್ನಡ ಪಾಠ ನಡೆಯುವ ಶಾಲೆಗಳಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲ್ ಒಂದೇ, ಗಾಳಿ ಒಂದೇ, ದನಿಗಳು ಎರಡು. ಇಬ್ಬರೂ ಗಂಟಲು ಎತ್ತರಿಸಿದರೆ ಯಾವ ಮಗುವಿಗೂ ಏನೂ ಕೇಳಿಸದು.

ಈ ಇಕ್ಕಟ್ಟಿಗೆ ಇಂದಿನ ಎಂಜಿನಿಯರುಗಳು ಕಂಡುಕೊಂಡಿರುವ ದಾರಿಗಳಲ್ಲಿ ಒಂದರ ಬೇರು ಕಲ್ಕತ್ತೆಯ ಕಾಲೇಜೊಂದರ ಚಿಕ್ಕ ಕೋಣೆಯಲ್ಲಿದೆ. ಆ ಕೋಣೆಯಲ್ಲಿ ಕೆಲಸ ಮಾಡಿದವರು ಆಚಾರ್ಯ ಜಗದೀಶಚಂದ್ರ ಬೋಸರು. ಗಿಡಗಳಿಗೂ ಸಂವೇದನೆ ಇದೆ ಎಂದು ತೋರಿಸಿದವರು ಎಂದಷ್ಟೇ ಹೆಚ್ಚಿನವರು ಅವರನ್ನು ಬಲ್ಲರು. ಅದಕ್ಕೂ ಮೊದಲಿನ ಬೋಸರನ್ನು ನಿಮಗೆ ಪರಿಚಯಿಸುವ ಆಸೆ ನನ್ನದು.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಬ್ರಹ್ಮಸಮಾಜದವರು, ಫರೀದ್‌ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು. ಅಂತಹ ದೊಡ್ಡ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಆಗಿನ ವಾಡಿಕೆ. ಆದರೆ ತಂದೆ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಮೊದಲು ತಾಯ್ನುಡಿ, ತನ್ನ ಜನ, ಆಮೇಲೆ ಇಂಗ್ಲಿಷ್ ಎಂಬುದು ಅವರ ನಿಲುವು. ಆ ಶಾಲೆಯಲ್ಲಿ ಬಾಲಕ ಜಗದೀಶನ ಬಲಕ್ಕೆ ಕುಳಿತವನು ತಂದೆಯ ಕಚೇರಿಯ ಮುಸ್ಲಿಂ ಜವಾನನ ಮಗ, ಎಡಕ್ಕೆ ಕುಳಿತವನು ಮೀನುಗಾರನ ಮಗ. ಹಕ್ಕಿ, ಪ್ರಾಣಿ, ನೀರಿನ ಜೀವಿಗಳ ಕಥೆಗಳನ್ನು ಕೇಳಿದ್ದು ಈ ಗೆಳೆಯರ ಬಾಯಿಂದ; ಪ್ರಕೃತಿಯನ್ನು ಕೆದಕಿ ನೋಡುವ ಹಂಬಲ ಹುಟ್ಟಿದ್ದೂ ಅಲ್ಲಿಂದಲೇ ಎಂದು ಬೋಸರು 1915ರಲ್ಲಿ ಬಿಕ್ರಮ್‌ಪುರದ ಸಮ್ಮೇಳನದಲ್ಲಿ ನೆನೆದರು. ಶಾಲೆಯಿಂದ ಗೆಳೆಯರೊಂದಿಗೆ ಮನೆಗೆ ಬಂದಾಗ ತಾಯಿ ಎಲ್ಲರಿಗೂ ಭೇದವಿಲ್ಲದೆ ಉಣಬಡಿಸುತ್ತಿದ್ದರಂತೆ. ಮಗುವನ್ನು ಉರ್ದು ಶಾಲೆಗೆ ಸೇರಿಸಿದರೆ ವಿಜ್ಞಾನ ಬರುವುದಿಲ್ಲ ಎಂದು ದಾಖಲಾತಿಯ ದಿನವೇ ವರ್ಗಾವಣೆ ಪತ್ರ ಕೇಳುವ ಪೋಷಕರಿಗೆ ನಾನು ಹೇಳುವ ಮೊದಲ ಹೆಸರು ಬೋಸರದ್ದೇ. ಅವರು ಒಪ್ಪುತ್ತಾರೆ ಎಂದೇನಲ್ಲ.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಫೋಂ ಎಂಬ ಭೌತಶಾಸ್ತ್ರದ ಗುರು ಸಿಕ್ಕರು. 1880ರಲ್ಲಿ ಬೋಸರು ವೈದ್ಯರಾಗಲೆಂದು ಲಂಡನ್ನಿಗೆ ಹೋದರು. ಆದರೆ ಪದೇಪದೇ ಬರುತ್ತಿದ್ದ ಜ್ವರ, ಅದರ ಮೇಲೆ ಶವ ಕೊಯ್ಯುವ ಕೋಣೆಯ ವಾಸನೆ, ಎರಡೂ ಸೇರಿ ಅವರನ್ನು ಹಣ್ಣು ಮಾಡಿದವು. ವೈದ್ಯಕೀಯ ಬಿಟ್ಟು ಕೇಂಬ್ರಿಡ್ಜ್ ಸೇರಿ, ಲಾರ್ಡ್ ರ‍್ಯಾಲೆಯವರಂಥ ಮಹಾ ವಿಜ್ಞಾನಿಯ ಬಳಿ ಕಲಿತು, 1885ರಲ್ಲಿ ತಾಯ್ನಾಡಿಗೆ ಮರಳಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಹಂಗಾಮಿ ಪ್ರಾಧ್ಯಾಪಕರ ಹುದ್ದೆ ಸಿಕ್ಕಿತು. ಸಂಬಳದ ಕಥೆ ಕೇಳಿ. ಭಾರತೀಯ ಪ್ರಾಧ್ಯಾಪಕರಿಗೆ ಯುರೋಪಿಯನ್ ಪ್ರಾಧ್ಯಾಪಕರ ಸಂಬಳದ ಮೂರನೇ ಎರಡು ಭಾಗ ಮಾತ್ರ. ಹಂಗಾಮಿ ಎಂಬ ಕಾರಣಕ್ಕೆ ಬೋಸರಿಗೆ ಅದರಲ್ಲೂ ಅರ್ಧ. ಬೋಸರು ಜಗಳವಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಪಾಠ ಮಾಡಿದರು, ಸಂಬಳ ಮುಟ್ಟಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಮೂರು ವರ್ಷ! ಆ ದಿನಗಳಲ್ಲಿ ತಂದೆ ಸಾಲದಲ್ಲಿ ಮುಳುಗಿದ್ದರು. 1887ರಲ್ಲಿ ಅಬಲಾ ಅವರೊಂದಿಗೆ ಮದುವೆಯೂ ಆಗಿತ್ತು. ಕೊನೆಗೆ ಮೇಲಧಿಕಾರಿಗಳೇ ಮಣಿದರು. ಹುದ್ದೆ ಕಾಯಂ ಆಯಿತು, ಮೂರು ವರ್ಷದ ಪೂರ್ಣ ಸಂಬಳ ಒಟ್ಟಿಗೆ ಬಂತು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಸಂಶೋಧನೆಗೆ ಮಾತ್ರ ಕಾಲೇಜಿನಲ್ಲಿ ಪ್ರಯೋಗಶಾಲೆ ಇರಲಿಲ್ಲ. ಸ್ನಾನದ ಮನೆಗೆ ತಾಗಿದ್ದ 24 ಚದರ ಅಡಿಯ ಕೋಣೆಯೊಂದು ಸಿಕ್ಕಿತು. ಒಂದು ಮಂಚ ಹಾಕಿದರೆ ಮುಗಿಯಿತು, ಅಷ್ಟು ಜಾಗ. ತಮ್ಮ 36ನೇ ಹುಟ್ಟುಹಬ್ಬದಂದು, 1894ರ ನವೆಂಬರ್ 30ರಂದು, ಉಳಿದ ಬದುಕು ಸಂಶೋಧನೆಗೆ ಎಂದು ಅವರು ಗಟ್ಟಿ ಮನಸ್ಸು ಮಾಡಿದರು. ಊರಿನ ತಗಡಿನ ಕೆಲಸಗಾರನೊಬ್ಬನನ್ನು ಜೊತೆಗಿಟ್ಟುಕೊಂಡು ಉಪಕರಣಗಳನ್ನು ತಾವೇ ಮಾಡಿಸಿದರು.

ಹೈನ್ರಿಚ್ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಕೆಲವೇ ವರ್ಷಗಳ ಹಿಂದೆ ವಿದ್ಯುತ್ ಕಿಡಿಯಿಂದ ಅದೃಶ್ಯ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು. ಅವು ಬೆಳಕಿನ ಒಡಹುಟ್ಟಿದವು. ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವಿಸುತ್ತವೆ. ಹನ್ನೊಂದನೇ ಶತಮಾನದಲ್ಲಿ ಇಬ್ನುಲ್ ಹೈಸಮ್ ಕತ್ತಲೆ ಕೋಣೆಯಲ್ಲಿ ಬೆಳಕಿನ ಮೇಲೆ ಮಾಡಿದ ಬಗೆಯ ಪರೀಕ್ಷೆಗಳನ್ನು ಈ ಅಲೆಗಳ ಮೇಲೂ ಮಾಡಬೇಕು ಎಂಬುದು ಬೋಸರ ಆಸೆ. ಆದರೆ ಹರ್ಟ್ಸ್ ಆ ಪ್ರಯೋಗಗಳಿಗೆ ಬಳಸಿದ ಅಲೆಯ ತರಂಗದೂರ ಸುಮಾರು 66 ಸೆಂಟಿಮೀಟರ್. ಅದನ್ನು ಬಾಗಿಸಲು ಆಳೆತ್ತರದ ಪಟ್ಟಕ ಬೇಕು. 24 ಚದರ ಅಡಿಯಲ್ಲಿ ಅದು ಎಲ್ಲಿ ಹಿಡಿಸೀತು? ಅಲೆಯನ್ನೇ ಚಿಕ್ಕದು ಮಾಡಿದರೆ ಉಪಕರಣಗಳೂ ಮೇಜಿನ ಮೇಲೆ ಕೂರುತ್ತವೆ. ಹಾಗಾಗಿ ಬೋಸರು ಅಲೆಯನ್ನು ಕುಗ್ಗಿಸುತ್ತ ಹೋದರು. 25 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗೆ ಇಳಿದರು. ಅಷ್ಟು ಚಿಕ್ಕ ಅಲೆಗಳನ್ನು ಹೀಗೆ ಬಳಸಿ ತೋರಿಸಿದ ಜಗತ್ತಿನ ಮೊದಲಿಗರಲ್ಲಿ ಅವರೂ ಒಬ್ಬರು.

ಅಲೆಯನ್ನು ಒಂದೇ ದಿಕ್ಕಿಗೆ ಕಳುಹಿಸಲು ಲೋಹದ ಕೊಳವೆ, ಬಂದದ್ದನ್ನು ಹಿಡಿಯಲು ಆಲಿಕೆಯಂಥ ಬಾಯಿ. ಇದೇ ಮುಂದೆ ಕಹಳೆ ಆಂಟೆನಾ ಎಂದು ಹೆಸರಾಯಿತು. ಗಂಧಕದ ಮಸೂರ, ಸೆಣಬಿನ ನಾರಿನ ಕಂತೆ, ಎಲ್ಲವೂ ಕೈಗೆ ಸಿಗುವ ಸಾಮಾನುಗಳೇ. ಅಲೆಯನ್ನು ಧ್ರುವೀಕರಿಸಲು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಹಾಳೆಗಳ ನಡುವೆ ತವರದ ತೆಳು ತಗಡು ಸೇರಿಸಿದರು. ತಗಡಿಲ್ಲದ ಬರೀ ಪುಸ್ತಕವೂ ಸ್ವಲ್ಪಮಟ್ಟಿಗೆ ಅದೇ ಕೆಲಸ ಮಾಡುವುದನ್ನು ಕಂಡರು. ವಿಜ್ಞಾನದ ಕಿಟ್ ಬಂದಿಲ್ಲವೆಂದು ಪ್ರಯೋಗವನ್ನು ಮುಂದೂಡುವಾಗ ನನಗೆ ಈ ವೇಳಾಪಟ್ಟಿ ನೆನಪಾಗಿ ಮುಜುಗರವಾಗುತ್ತದೆ.

ಕಲ್ಕತ್ತೆಯ ಪುರಭವನದಲ್ಲಿ ಬೋಸರು ಲೆಫ್ಟಿನೆಂಟ್ ಗವರ್ನರ್ ಎದುರಿಗೇ ತಂತಿಯಿಲ್ಲದೆ, ಗೋಡೆಗಳ ಆಚೆ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟಾಗ ಅಲ್ಲಿನ ಹಿರಿಯ ವಿಜ್ಞಾನಿಗಳೇ ಬೆರಗಾದರು.

ಅದೇ ವೇಳೆಗೆ ಮಾರ್ಕೋನಿ ಎಂಬ ತರುಣ ಬೇರೆ ದಾರಿ ಹಿಡಿದಿದ್ದ. ಅವನಿಗೆ ಬೇಕಾದದ್ದು ದೂರ. ದೂರಕ್ಕೆ ಉದ್ದದ ಅಲೆಯೇ ಸರಿ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ದಾಟಿದ ಅಲೆ ನೂರಾರು ಮೀಟರ್ ಉದ್ದದ್ದು. ಆಗ ಬಳಸಿದ ಪಾದರಸದ ಗ್ರಾಹಕ ಬೋಸರು 1899ರಲ್ಲಿ ರಾಯಲ್ ಸೊಸೈಟಿಗೆ ವಿವರಿಸಿದ್ದರದ್ದೇ ರೂಪ ಎಂದು 1998ರಲ್ಲಿ ಪ್ರಬೀರ್ ಬಂದ್ಯೋಪಾಧ್ಯಾಯ ಎಂಬ ಎಂಜಿನಿಯರ್ ವಾದಿಸಿದರು. ರೇಡಿಯೋ ಕಂಡುಹಿಡಿದವರು ಯಾರು ಎಂಬ ಈ ಜಗಳದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಇಬ್ಬರ ಪ್ರಶ್ನೆಯೇ ಬೇರೆಬೇರೆಯಾಗಿತ್ತು.

ಜಗತ್ತು ಮಾರ್ಕೋನಿಯ ಹಿಂದೆ ಹೋಯಿತು, ಇಕ್ಕಟ್ಟೂ ಕೂಡಲೇ ಶುರುವಾಯಿತು. 1901ರಲ್ಲಿ ಅಮೆರಿಕದ ಹಾಯಿದೋಣಿ ಪಂದ್ಯದ ಸುದ್ದಿಯನ್ನು ನಿಸ್ತಂತುವಿನಿಂದ ಕಳುಹಿಸಲು ಮೂರು ಕಂಪನಿಗಳು ಒಮ್ಮೆಲೇ ಕಿಡಿ ಹಾರಿಸಿದವು. ಒಂದರ ಮೇಲೊಂದು ಬಿದ್ದು ಸುದ್ದಿಗಳೆಲ್ಲ ಕಲಸಿಹೋದವು. ಆಮೇಲೆ ದೇಶಗಳು ಸಭೆ ಸೇರಿ ಅಲೆಗಳನ್ನು ಹೊಲದಂತೆ ಬದು ಹಾಕಿ ಹಂಚಿಕೊಂಡವು. ಹೊಲ ಅಷ್ಟೇ ಇತ್ತು, ಪಾಲುದಾರರು ಹೆಚ್ಚುತ್ತ ಹೋದರು.

1901ರಲ್ಲಿ ಲಂಡನ್ನಿನಲ್ಲಿದ್ದ ಬೋಸರ ಬಳಿಗೆ ತಂತಿ ಕಂಪನಿಯ ಶ್ರೀಮಂತ ಮಾಲೀಕನೊಬ್ಬ ಪೇಟೆಂಟಿನ ಕಾಗದ ಹಿಡಿದು ಬಂದ. ಬೋಸರು ಒಪ್ಪಲಿಲ್ಲ, ಗೆಳೆಯ ರವೀಂದ್ರನಾಥ ಠಾಕೂರರಿಗೆ ಬೇಸರದಿಂದ ಪತ್ರ ಬರೆದರು. ಸಿಸ್ಟರ್ ನಿವೇದಿತಾ ಮತ್ತು ಸಾರಾ ಬುಲ್ ಅವರ ಒತ್ತಾಯಕ್ಕೆ ಒಂದೇ ಒಂದು ಅಮೆರಿಕನ್ ಪೇಟೆಂಟ್ ಪಡೆದರು. ಸೀಸದ ಅದಿರಾದ ಗೆಲೀನಾ ಹರಳಿನ ಗ್ರಾಹಕಕ್ಕಾಗಿ 1904ರಲ್ಲಿ ಸಿಕ್ಕ ಆ ಪೇಟೆಂಟಿನಿಂದ ಹಣ ಮಾಡಲು ಹೋಗದೆ ಅವಧಿ ಮುಗಿಯಲು ಬಿಟ್ಟರು. ಅರೆವಾಹಕಗಳ ವಿಷಯದಲ್ಲಿ ಬೋಸರು ಕನಿಷ್ಠ 60 ವರ್ಷ ಮುಂದಿದ್ದರೆಂದು 1977ರ ನೊಬೆಲ್ ವಿಜೇತ ನೆವಿಲ್ ಮಾಟ್ ಒಪ್ಪಿಕೊಂಡರು. ನಾನಾದರೆ ಪೇಟೆಂಟ್ ಬಿಡುತ್ತಿರಲಿಲ್ಲ. ಆ ಹಣದಿಂದ ಎಷ್ಟು ಬಡ ವಿದ್ಯಾರ್ಥಿಗಳು ಓದಬಹುದಿತ್ತು ಎನ್ನಿಸುತ್ತದೆ. ಆದರೆ ಇಲ್ಮ್ ಎಂಬುದು ಮಾರುವ ಸರಕಲ್ಲ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಆ ಬಳಿಕ ಬೋಸರು ಸಸ್ಯಗಳತ್ತ ಹೊರಳಿದರು. ಆ ಕೆಲಸಕ್ಕೆ ಹೊಗಳಿಕೆಯೂ ವಿರೋಧವೂ ಬಂದವು. 1917ರ ನವೆಂಬರ್ 30ರಂದು ಬೋಸ್ ವಿಜ್ಞಾನ ಮಂದಿರ ಸ್ಥಾಪಿಸಿದರು, 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು. ಮಾರ್ಕೋನಿ ತೀರಿಕೊಂಡದ್ದೂ ಅದೇ ವರ್ಷ, ಜುಲೈನಲ್ಲಿ.

ಈಗ ಈದ್ಗಾ ಮೈದಾನಕ್ಕೆ ಮರಳೋಣ. 5 ಮಿಲಿಮೀಟರ್ ತರಂಗದೂರ ಎಂದರೆ 60 ಗಿಗಾಹರ್ಟ್ಸ್ ಆವೃತ್ತಿ. 300ನ್ನು 5ರಿಂದ ಭಾಗಿಸಿದರೆ ಎಂಟನೇ ತರಗತಿಯ ಮಗುವಿಗೂ ಸಿಗುವ ಉತ್ತರ. ಈ ಅಲೆಗಳು ದೂರ ಹೋಗಲಾರವು. ಗೋಡೆ ದಾಟುವಾಗ ಬಹಳ ಸೊರಗುತ್ತವೆ. ಗಾಳಿಯಲ್ಲಿರುವ ಆಮ್ಲಜನಕವೇ ಅವನ್ನು ಹೀರಿ, ಒಂದು ಕಿಲೋಮೀಟರಿನಲ್ಲಿ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ ಉಳಿಸುತ್ತದೆ. ನೂರು ವರ್ಷ ಇದನ್ನು ದೋಷವೆಂದೇ ಎಣಿಸಲಾಗಿತ್ತು. ಆದರೆ ಯೋಚಿಸಿ: ನನ್ನ ದನಿ ಪಕ್ಕದ ಕೋಣೆಗೆ ಹೋಗದಿದ್ದರೆ ಪಕ್ಕದ ಕೋಣೆಯವರು ಅದೇ ಹೊತ್ತಿಗೆ ನಿರಾತಂಕವಾಗಿ ಪಾಠ ಮಾಡಬಹುದಲ್ಲವೇ? ಒಂದೇ ಆವೃತ್ತಿಯನ್ನು ನೂರು ಕಡೆ ಬಳಸಬಹುದು. ಜಾಗವೂ ಧಾರಾಳ. ನಮ್ಮ ಎಫ್‌ಎಂ ರೇಡಿಯೋ ಪಟ್ಟಿ 88ರಿಂದ 108, ಅಂದರೆ 20 ಮೆಗಾಹರ್ಟ್ಸ್. 57ರಿಂದ 66 ಗಿಗಾಹರ್ಟ್ಸ್ ನಡುವೆ ಇರುವುದು 9000 ಮೆಗಾಹರ್ಟ್ಸ್, ಅದರ 450 ಪಟ್ಟು.

ಇಲ್ಲಿ ಜಾಣ ಉಪಕರಣದ ಪಾತ್ರ ಬರುತ್ತದೆ. ಅಲೆ ಚಿಕ್ಕದಾದರೆ ಆಂಟೆನಾವೂ ಚಿಕ್ಕದು. ಎರಡೂವರೆ ಮಿಲಿಮೀಟರಿಗೆ ಒಂದರಂತೆ ಎಂಟು ಸಾಲು ಜೋಡಿಸಿದರೆ 64 ಆಂಟೆನಾಗಳು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಚೌಕದಲ್ಲಿ ಕೂರುತ್ತವೆ. ಒಂದೊಂದಕ್ಕೂ ಸಂಕೇತವನ್ನು ಚೂರುಚೂರು ತಡವಾಗಿ ಕೊಟ್ಟರೆ ಅಲೆಗಳು ಕೂಡಿ, ಬ್ಯಾಟರಿ ದೀಪದ ಕಿರಣದಂತೆ ಒಂದೇ ದಿಕ್ಕಿಗೆ ಹೋಗುತ್ತವೆ. ಬೋಸರ ಕೊಳವೆ ಮಾಡುತ್ತಿದ್ದ ಕೆಲಸ ಇದೇ. ಆದರೆ ದಿಕ್ಕು ಬದಲಿಸಲು ಕೈಯಿಂದ ತಿರುಗಿಸಬೇಕಿತ್ತು. ಈಗಿನ ಉಪಕರಣ ಏನನ್ನೂ ತಿರುಗಿಸದೆ, ಕ್ಷಣದ ಸಣ್ಣ ಭಾಗದಲ್ಲಿ ದಿಕ್ಕು ಬದಲಿಸುತ್ತದೆ. ಮಧ್ಯೆ ಯಾರಾದರೂ ಅಡ್ಡ ನಿಂತರೆ ಸಂಕೇತ ಕುಗ್ಗಿದ್ದನ್ನು ಅಳೆದು, ಗೋಡೆಗೆ ತಾಗಿ ಬರುವ ಇನ್ನೊಂದು ದಾರಿ ಹುಡುಕುತ್ತದೆ. ದಾರಿ ಚೆನ್ನಾಗಿದ್ದರೆ ಮಾಹಿತಿಯನ್ನು ವೇಗವಾಗಿ ಕಳುಹಿಸುತ್ತದೆ, ಕೆಟ್ಟಿದ್ದರೆ ನಿಧಾನಿಸುತ್ತದೆ. ಸಂದರ್ಭ ನೋಡಿ ನಡೆದುಕೊಳ್ಳುವ ಈ ಗುಣದಿಂದಲೇ ಇಕ್ಕಟ್ಟಾದ ಕಡೆಯೂ ಹೆಚ್ಚು ಜನರಿಗೆ ಜಾಗವಾಗುತ್ತದೆ. ಈ 60 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ ವೈಫೈ ಮಾನಕ 2012ರ ಕೊನೆಗೆ ಅಂಗೀಕಾರವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ, ಮಿಲಿಮೀಟರ್ ಅಲೆಗಳ ಮೊದಲ ಪ್ರಯೋಗಗಳ ನೆನಪಿಗೆ ಕೋಲ್ಕತ್ತೆಯಲ್ಲಿ ಮೈಲಿಗಲ್ಲಿನ ಫಲಕ ಇರಿಸಿತು.

2022ರಲ್ಲಿ ನಮ್ಮ ಸರಕಾರ 5ಜಿ ತರಂಗಾಂತರವನ್ನು ಹರಾಜು ಹಾಕಿತು. ಒಟ್ಟು ಬಂದದ್ದು ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಮಾರಾಟವಾದ 51,236 ಮೆಗಾಹರ್ಟ್ಸ್‌ನಲ್ಲಿ ಬಹುಪಾಲು 26 ಗಿಗಾಹರ್ಟ್ಸ್ ಪಟ್ಟಿಯದ್ದು. 300ನ್ನು 26ರಿಂದ ಭಾಗಿಸಿ ನೋಡಿ: ಹನ್ನೊಂದೂವರೆ ಮಿಲಿಮೀಟರ್. ಸ್ನಾನದ ಮನೆಯ ಪಕ್ಕದ ಆ ಕೋಣೆಯಲ್ಲಿ ಬೋಸರು ಹುಟ್ಟಿಸುತ್ತಿದ್ದ ಅಲೆಗಳು 5ರಿಂದ 25 ಮಿಲಿಮೀಟರಿನವು.