ಮಣ್ಣಿನ ಹಕ್ಕು ಮತ್ತು ದೇವರಾಜ ಅರಸರು

ದೇವರಾಜ ಅರಸರು 1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಜಮೀನುಳ್ಳ ಮನೆ, ರಾಜಮನೆತನದ ನಂಟಿದ್ದ ಕುಲ. ವಿಜ್ಞಾನದ ಪದವೀಧರರಾದ ಮೇಲೂ ಸರಕಾರಿ ಚಾಕರಿಗೆ ಕೈಯೊಡ್ಡದೆ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ವಿಧಾನಸಭೆ, 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯ ಪೀಠ. ನಡುವಣ ರಾಜಕಾರಣದ ಏಳುಬೀಳುಗಳು ಎಲ್ಲರೂ ಬಲ್ಲವು. ಅವನ್ನು ಇಲ್ಲಿ ಬಿಡುತ್ತೇನೆ. ಜಮೀನುಳ್ಳ ಮನೆಯವರೊಬ್ಬರು ಜಮೀನಿಲ್ಲದವರಿಗಾಗಿ ಮಾಡಿದ್ದೇನು, ಅದರಲ್ಲಿ ನಿಂತದ್ದೆಷ್ಟು ಎಂಬುದೇ ನನ್ನ ವಿಷಯ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಜಮೀನೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂನ್ಯಾಯಮಂಡಲಿ ಅದನ್ನು ವಿಚಾರಿಸುತ್ತಿತ್ತು. ಮಂಡಲಿಯಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರು ಮಾತ್ರ ಒಳಗೆ ಬರುವಂತಿಲ್ಲ. ಮಾತು ಬಾರದ ಒಕ್ಕಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲವೆಂದು ನನ್ನ ಭಾವನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಸಹಸ್ರಾರು ಮನೆಗಳ ಬಾಳು ಇದರಿಂದ ಹಸನಾಯಿತು.

ಆದರೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನವನಾದ ನನಗೆ ಇದರ ಇನ್ನೊಂದು ಮುಖವೂ ಕಾಣುತ್ತದೆ. ಹಳೆಯ ಮೈಸೂರಿನ ರಾಗಿ ಸೀಮೆಯಲ್ಲಿ ಗೇಣಿ ಕಡಿಮೆ; ಸ್ವಂತದ ಹಿಡುವಳಿಯೇ ಹೆಚ್ಚು. ಇಲ್ಲಿಯ ದಲಿತನು ಬಹುಪಾಲು ಗೇಣಿದಾರನಲ್ಲ, ಕೂಲಿಯಾಳು, ಇಲ್ಲವೆ ಜೀತದಾಳು. ತಲೆಮಾರುಗಳಿಂದ ಅದೇ ಹೊಲವನ್ನು ಉತ್ತರೂ ಆಳಿಗೆ ನಮೂನೆ 7 ಇಲ್ಲ! ಸರಕಾರ ಮಂಜೂರು ಮಾಡಿದ ದರಖಾಸ್ತು ಜಮೀನೊಂದೇ ಅವನ ಪಾಲಿನ ಮಣ್ಣು. ಅದೂ ಸಾಲಕ್ಕೋ ಮದುವೆಗೋ ಕೈಬಿಡುತ್ತಿತ್ತು.

ಕೊಡುವುದು ಬೇರೆ, ಕೊಟ್ಟದ್ದು ಉಳಿಯುವುದು ಬೇರೆ. ಅಮೆರಿಕದ ಕರಿಯ ರೈತರ ಕಥೆಯೂ ಇದೇ ಅಲ್ಲವೆ? ದಾಸ್ಯದಿಂದ ಬಿಡುಗಡೆಯಾದವರಿಗೆ 40 ಎಕರೆಯವರೆಗೆ ನೆಲ ಕೊಡಲು 1865ರ ಜನವರಿಯಲ್ಲಿ ಸೇನಾಪತಿ ಶೆರ್ಮನ್ ಅಪ್ಪಣೆ ಹೊರಡಿಸಿದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಆ ನೆಲವನ್ನು ಹಳೆಯ ಒಡೆಯರಿಗೆ ಹಿಂದಿರುಗಿಸಿದ. ಆದರೂ ಅವರು ದುಡಿದು, ಕೊಂಡು, 1920ರ ಹೊತ್ತಿಗೆ 9 ಲಕ್ಷಕ್ಕೂ ಮಿಕ್ಕಿ ಕರಿಯ ಬೇಸಾಯಗಾರರಾದರು. ಸ್ವಂತ ನೆಲ ಕೊಂಡಿದ್ದವರಲ್ಲಿ ಎಷ್ಟೋ ಮಂದಿಯ ಆಸ್ತಿಯನ್ನು ಆಮೇಲೆ ಸಾಲವೂ ವಾರಸುದಾರರ ಪಾಲಿನ ಹರಾಜುಗಳೂ ನುಂಗಿದವು.

ಅರಸರ ಎರಡನೆಯ ಸರಕಾರ ಕೈಹಾಕಿದ್ದು ಈ ಎರಡನೆಯ ಕೆಲಸಕ್ಕೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆ 1979ರ ಜನವರಿ 1ರಿಂದ ನಡೆಗೆ ಬಂತು. ಸರಕಾರದ ಮುನ್ನನುಮತಿಯಿಲ್ಲದೆ ಮಾರುವಂತಿಲ್ಲ. ಷರತ್ತು ಮೀರಿ ಮಾರಿದ್ದರೆ, ಹಿಂದಿನದಾದರೂ ಅದು ಅಸಿಂಧು. ಜಮೀನು ಮೂಲದವನಿಗೋ ಅವನ ವಾರಸುದಾರರಿಗೋ ಮರಳಬೇಕು. ತೋಟಿ, ತಳವಾರಿಕೆಯ ಇನಾಮು ನೆಲ ಮಾತ್ರ ಇದರ ವ್ಯಾಖ್ಯೆಯ ಹೊರಗುಳಿಯಿತು. ಅದು ನನಗೆ ಇಂದಿಗೂ ಚುಚ್ಚುವ ಕೊರತೆ.

1980ರ ಜನವರಿಯಲ್ಲಿ ಅರಸರು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು. ಕಾಯ್ದೆ ಅವರಿಗಿಂತ ಹೆಚ್ಚು ಬಾಳಿತು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯ, ಅರ್ಜಿ ಯುಕ್ತ ಕಾಲದೊಳಗೆ ಬರಬೇಕೆಂದಿತು. ತಡವಾಗಿ ಬಂದ ಬಡವರು ಬರಿಗೈಯಲ್ಲಿ ಹಿಂದಿರುಗಿದರು. 2020ರಲ್ಲಿ, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣೆಯ ವಿಧಿಗಳು ರದ್ದಾದವು. 2023ರ ತಿದ್ದುಪಡಿ 1978ರ ಕಾಯ್ದೆಯ ಅರ್ಜಿಗೆ ಕಾಲಮಿತಿಯಿಲ್ಲವೆಂದು ಸ್ಪಷ್ಟಪಡಿಸಿತು.

ಅದೇ ವರ್ಷ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು; ಚನ್ನಪಟ್ಟಣದ ಹೊಲಗಳನ್ನು ಈಗ ರಾಗಿಯ ಲೆಕ್ಕದಲ್ಲಿ ಯಾರೂ ಅಳೆಯುವುದಿಲ್ಲ. ಅಜ್ಜನಿಗೆ ಮಂಜೂರಾಗಿದ್ದ ಎರಡೆಕರೆಯನ್ನು ಕೇಳಬಯಸುವ ಮೊಮ್ಮಗ ಸಾಗುವಳಿ ಚೀಟಿ, ಪಹಣಿ, ವಂಶವೃಕ್ಷಗಳನ್ನು ಹೊಂದಿಸಿಕೊಂಡು ರಾಮನಗರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಬೇಕು. ಅಲ್ಲಿ ಎದುರು ಪಕ್ಷದ ಕಡೆ ವಕೀಲರಿರುತ್ತಾರೆ.