ಮಾತಿನ ಮೇರೆಯಲ್ಲಿ ನಿಂತ ಅಲ್ಲಮಪ್ರಭು

ಹನ್ನೆರಡನೆಯ ಶತಮಾನದ ಶಿವಶರಣ ಅಲ್ಲಮಪ್ರಭುವಿನ ಹೆಸರನ್ನು ಕೇಳದವರು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆ ಇರಲಾರರು. ಆತನ ಬದುಕನ್ನು ಕಾವ್ಯವಾಗಿಸಿದ ಇಬ್ಬರು ಹಿರಿಯ ಕವಿಗಳೂ ನಮ್ಮ ನೆರೆಯವರೇ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರನು ‘ಪ್ರಭುದೇವರ ರಗಳೆ’ಯನ್ನು ಬರೆದನು. ಮುಂದೆ ವಿಜಯನಗರದ ಇಮ್ಮಡಿ ದೇವರಾಯನ (೧೪೨೪–೧೪೪೬) ಕಾಲದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು. ಚಾಮರಸನ ಪ್ರಭು ಮಾಯೆಗೆ ಎಂದೂ ಸಿಲುಕದವನು. ಹರಿಹರನ ಅಲ್ಲಮನಾದರೋ ನಮ್ಮನಿಮ್ಮಂತೆ ಪ್ರೀತಿಸಿ, ಕಳೆದುಕೊಂಡು, ಕಣ್ಣೀರಿಟ್ಟವನು. ನಮಗೆ ಈ ಅಲ್ಲಮನೇ ಹೆಚ್ಚು ಆಪ್ತನೆನಿಸುತ್ತಾನೆ.

ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹುಟ್ಟಿದ ಆತನು ದೇವಾಲಯದಲ್ಲಿ ಮದ್ದಳೆ ನುಡಿಸುತ್ತಿದ್ದನು. ಕಾಮಲತೆಯೆಂಬವಳನ್ನು ಒಲಿದು ವರಿಸಿದನು. ಆಕೆ ಜ್ವರಕ್ಕೆ ತುತ್ತಾಗಿ ತೀರಿಕೊಂಡಳು. ದುಃಖದಿಂದ ದಿಕ್ಕುಗೆಟ್ಟು ಅಲೆದ ಅಲ್ಲಮನು ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಗೀರುತ್ತಿರಲು ಹೊನ್ನಿನ ಕಳಸವೊಂದು ಕಣ್ಣಿಗೆ ಬಿತ್ತು. ಅಗೆಸಿ ನೋಡಿದರೆ ಹೂತುಹೋದ ಗುಡಿ. ಒಳಹೊಕ್ಕರೆ, ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷನೆಂಬ ಯೋಗಿ. ಆ ಲಿಂಗ ಅಲ್ಲಮನ ಕೈ ಸೇರುತ್ತಿದ್ದಂತೆಯೇ ಯೋಗಿಯ ಪ್ರಾಣ ಹೋಯಿತು. ಪ್ರಶ್ನೆ, ಉತ್ತರ, ಬೋಧನೆ ಯಾವುದಕ್ಕೂ ಆ ಗುರುಶಿಷ್ಯರ ನಡುವೆ ಎಡೆಯಿರಲಿಲ್ಲ.

ಹೀಗೆ ಮೌನದಲ್ಲಿ ಪಡೆದುದನ್ನು ಮಾತಿನಲ್ಲಿ ಹಂಚುವುದು ಹೇಗೆ? ಈ ಪ್ರಶ್ನೆಯನ್ನು ಆತನ ಮುಂದಿಟ್ಟವಳು ಒಬ್ಬ ಹೆಣ್ಣುಮಗಳು. ಲಕ್ಕುಂಡಿಯ ಮುಕ್ತಾಯಕ್ಕ ತನ್ನ ಅಣ್ಣ ಅಜಗಣ್ಣನ ಸಾವಿಗೆ ಅಳುತ್ತಿದ್ದಳು. ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದ ಗುಪ್ತಭಕ್ತ. ಅಂಥವನನ್ನು ಕಂಡವಳಿಗೆ ಊರೂರು ತಿರುಗಿ ನುಡಿಯುವ ಪ್ರಭುವಿನ ಮೇಲೆ ಸಂಶಯ ಹುಟ್ಟಿತು. ನಿಜವಾಗಿ ಅರಿತವನಿಗೆ ಇನ್ನೂ ಮಾತೇಕೆಂದು ಆಕೆ ಕೇಳಿದಳು. ‘ಶೂನ್ಯಸಂಪಾದನೆ’ಯಲ್ಲಿ ಬರುವ ಈ ಸಂವಾದದಲ್ಲಿ ಆಕೆ ಸುಲಭವಾಗಿ ಸೋಲುವುದಿಲ್ಲ, ಪ್ರಭುವೂ ಆಕೆಯನ್ನು ಗದರಿಸುವುದಿಲ್ಲ.

ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನೇರಿದ ಬಳಿಕವೂ ಆತನು ನುಡಿಯುವುದನ್ನು ಬಿಡಲಿಲ್ಲ. ಗುಹೇಶ್ವರ ಎಂಬ ಅಂಕಿತದ ೧,೩೦೦ಕ್ಕೂ ಹೆಚ್ಚು ವಚನಗಳು ನಮಗೆ ಉಳಿದಿವೆ. ಅವುಗಳಲ್ಲಿ ಅನೇಕವು ಬೆಡಗಿನ ವಚನಗಳು, ಅಂದರೆ ಒಗಟಿನಂತಹವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಿದವರು ಮಳೆ ಹೇಗೋ, ಬೆಳೆ ಹೇಗೋ ಎಂದು ಅರ್ಥ ಹುಡುಕುತ್ತಾರಲ್ಲವೆ? ಬೆಡಗಿನ ವಚನದ ಮುಂದೆ ಆ ಹುಡುಕಾಟ ಒಂದೆಡೆ ನಿಂತುಬಿಡುತ್ತದೆ. ಮಾತು ತನ್ನನ್ನು ತಾನೇ ಮುರಿದುಕೊಳ್ಳುವಂತೆ ಪ್ರಭು ಅದನ್ನು ಬಳಸಿದನು.

ನಮ್ಮ ಧರ್ಮಸಭೆಯ ಮಹಾಪಂಡಿತರಾದ ಸಂತ ಥಾಮಸ್ ಅಕ್ವಿನಾಸರು ಇದೇ ಮೇರೆಯನ್ನು ಮುಟ್ಟಿ ಬೇರೊಂದು ದಾರಿ ಹಿಡಿದರು. ೧೨೭೩ರ ಡಿಸೆಂಬರ್ ೬ರಂದು ನೇಪಲ್ಸ್ ನಗರದಲ್ಲಿ ಬಲಿಪೂಜೆ ಅರ್ಪಿಸಿದಾಗ ಅವರಿಗೆ ಏನು ಕಂಡಿತೋ, ಲೇಖನಿಯನ್ನು ಕೆಳಗಿಟ್ಟರು. ತಾವು ಕಂಡುದರ ಎದುರು ಬರೆದುದೆಲ್ಲ ಒಣಹುಲ್ಲಾಗಿ ತೋರಿತೆಂದು ಸಂಗಾತಿ ರೆಜಿನಾಲ್ಡರಿಗೆ ತಿಳಿಸಿದರು. ‘ಸುಮ್ಮಾ ಥಿಯಾಲಜಿಯೆ’ ಅಪೂರ್ಣವಾಗಿಯೇ ಉಳಿಯಿತು. ೧೨೭೪ರ ಮಾರ್ಚ್ ೭ರಂದು ಸಂತರು ನಿಧನರಾದರು. ಬರೆಯುವುದನ್ನು ನಿಲ್ಲಿಸಿದ ಥಾಮಸರು, ನುಡಿಯುತ್ತಲೇ ನುಡಿಯನ್ನು ಬರಿದುಮಾಡಿದ ಅಲ್ಲಮ, ಇವರಿಬ್ಬರಲ್ಲಿ ಮುಕ್ತಾಯಕ್ಕ ಯಾರನ್ನು ಒಪ್ಪುತ್ತಿದ್ದಳೋ!

ಅಲ್ಲಮಪ್ರಭು ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂದು ಪರಂಪರೆ ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಆತನ ಸಂವಾದಗಳನ್ನು ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದನು. ಅದು ಸಾಲದೆಂಬಂತೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದನ್ನು ಮತ್ತೆ ಮತ್ತೆ ಕಟ್ಟಿದರು.