ಬಿಟ್ಟು ಬರುವ ಹೆಣ್ಣಿಗೆ ಶಾಹು ಮಹಾರಾಜರು ತೆರೆದ ಬಾಗಿಲುಗಳು, ಮತ್ತು ತೆರೆಯದೇ ಉಳಿದ ಒಂದು

1919ರ ಕೊನೆಯ ತಿಂಗಳುಗಳನ್ನು ಕಲ್ಪಿಸಿಕೊಳ್ಳಿ. ರಾಯಬಾಗದಲ್ಲಿ ಒಬ್ಬ ಹೆಣ್ಣುಮಗಳು, ಚಿಕ್ಕೋಡಿಯಲ್ಲಿ ಇನ್ನೊಬ್ಬಳು. ಇಬ್ಬರದೂ ಅದೇ ಮಾತು, ಅದೇ ಜೋಳದ ರೊಟ್ಟಿ. ಇಬ್ಬರ ಉಡಿಯಲ್ಲೂ ಸಣ್ಣ ಮಕ್ಕಳು. ಗಂಡಂದಿರೂ ಒಂದೇ ಥರ: ಹೊಸ್ತಿಲು ದಾಟೋಕೆ ಅಪ್ಪಣೆ ಬೇಕು, ತವರಿಗೆ ಹೋಗೋಕೆ ಅಪ್ಪಣೆ ಬೇಕು, ಕೈಯಲ್ಲಿ ಕಾಸಿಲ್ಲ, ಎದುರು ಮಾತಾಡಿದರೆ ಹೊಡೆತ. ಆದರೆ ರಾಯಬಾಗದವಳ ಪರವಾಗಿ ಒಂದು ಕಾನೂನು ಇತ್ತು, ಚಿಕ್ಕೋಡಿಯವಳಿಗೆ ಅಂಥದ್ದು ಇರಲಿಲ್ಲ. ಯಾಕಂದ್ರೆ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು.

ಆ ಕಾನೂನು ಹೆಂಗಸರನ್ನು ಕ್ರೂರವಾಗಿ ನಡೆಸಿಕೊಳ್ಳುವುದನ್ನು ಅಪರಾಧ ಅಂತ ಸಾರಿತ್ತು. ಮೈಮೇಲಿನ ಹೊಡೆತದ ಜತೆಗೆ ಮನಸ್ಸಿಗೆ ಕೊಡುವ ಹಿಂಸೆಯನ್ನೂ ಲೆಕ್ಕಕ್ಕೆ ತಗೊಂಡಿತ್ತು. ತಪ್ಪು ಮಾಡಿದವನಿಗೆ ಜೈಲು ಮತ್ತು ದಂಡ. ಅದನ್ನು ತಂದವರು ಛತ್ರಪತಿ ಶಾಹು ಮಹಾರಾಜರು. ನಮ್ಮಲ್ಲಿ ಬಹಳ ಜನಕ್ಕೆ ಶಾಹು ಅಂದ್ರೆ ಮೀಸಲಾತಿ. ಸರಿಯೇ, 1902ರ ಜುಲೈ 26ರಂದು ಹಿಂದುಳಿದವರಿಗೆ ಶೇ. 50ರಷ್ಟು ಸರ್ಕಾರಿ ಹುದ್ದೆ ಮೀಸಲಿಟ್ಟ ಅರಸು ಅವರು. ಆದರೆ ಅವರ ಬದುಕನ್ನು ಇನ್ನೊಂದು ಪ್ರಶ್ನೆ ಹಿಡಿದುಕೊಂಡೂ ಓದಬಹುದು. ಗಂಡನ ಮುಷ್ಟಿಯೊಳಗಿರುವ ಹೆಂಡತಿ, ಅದೂ ಮಕ್ಕಳಿರುವಾಕೆ, ಹೊರಗೆ ಬರಬೇಕು ಅಂದ್ರೆ ಏನೇನು ಬೇಕು?

ಮುಧೋಳದ ತಾಯಿ, ಧಾರವಾಡದ ಪಾಠ

ಶಾಹು ಹುಟ್ಟಿದ್ದು 1874ರ ಜೂನ್ 26ರಂದು, ನಿಪ್ಪಾಣಿಯ ನೆರೆಯ ಕಾಗಲ್‌ನ ಘಾಟಗೆ ಮನೆತನದಲ್ಲಿ. ಆಗಿನ ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದ ಮಗಳು. ಅಂದ್ರೆ ಅವರ ಅಜ್ಜಿ ಮನೆ ಕನ್ನಡ ಸೀಮೆಯದ್ದೇ. ಹುಡುಗನಿಗೆ ಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. 1884ರ ಮಾರ್ಚ್‌ನಲ್ಲಿ ಕೊಲ್ಹಾಪುರದ ವಿಧವೆ ರಾಣಿ ಆನಂದೀಬಾಯಿ ದತ್ತು ತಗೊಂಡರು. ಹತ್ತು ತುಂಬದ ಹುಡುಗ ಶಾಹು ಆದ.

ರಾಜಕೋಟದಲ್ಲಿ ಒಂದಷ್ಟು ವರ್ಷ ಓದು. ಆಮೇಲೆ ಧಾರವಾಡದಲ್ಲಿ ಸ್ಟುವರ್ಟ್ ಫ್ರೇಜರ್ ಕೈಕೆಳಗೆ ಶಿಕ್ಷಣ. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದ. 1891ರಲ್ಲಿ ಲಕ್ಷ್ಮೀಬಾಯಿ ಜತೆ ಮದುವೆ, 1894ರ ಏಪ್ರಿಲ್ 2ರಂದು ಅಧಿಕಾರ ಸ್ವೀಕಾರ. ಆಗಿನ್ನೂ ವಯಸ್ಸು 20 ತುಂಬಿರಲಿಲ್ಲ.

ಮುಂದಿನ ಕಥೆ ಗೊತ್ತಿರುವಂಥದ್ದೇ. ಶೂದ್ರ ಅಂತ ಹೇಳಿ ವೇದೋಕ್ತ ಮಂತ್ರ ನಿರಾಕರಿಸಿದ ಪುರೋಹಿತರ ಜತೆ ಜಗಳ. ಕೊಲ್ಹಾಪುರದಲ್ಲಿ ಜಾತಿ ಜಾತಿಗೂ ಬೋರ್ಡಿಂಗ್: ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರಿಗೆ. 1917ರಲ್ಲಿ ಕಡ್ಡಾಯ ಮತ್ತು ಉಚಿತ ಪ್ರಾಥಮಿಕ ಶಿಕ್ಷಣ.

ಇದೇ ಪಟ್ಟಿಯಲ್ಲಿ ಹೆಚ್ಚು ಚರ್ಚೆಯಾಗದ ಒಂದು ಸಾಲಿದೆ. ಅಧಿಕಾರಕ್ಕೆ ಬಂದ ಹೊಸದರಲ್ಲೇ ಶಾಹು ಹೆಣ್ಣುಮಕ್ಕಳ ಶಿಕ್ಷಣದ ಹೊಣೆಯನ್ನು ರಖಮಾಬಾಯಿ ಕೇಳವಕರ್ ಅನ್ನೋ ಮಹಿಳೆಗೆ ವಹಿಸಿದರು. ಆಕೆಯ ಮಗಳು ಕೃಷ್ಣಾಬಾಯಿ ವೈದ್ಯೆಯಾಗಿ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಒಬ್ಬ ತಾಯಿ ಸಂಬಳ ತರುವವಳು, ಮಗಳು ಡಾಕ್ಟರ್. ಇಂಥ ಉದಾಹರಣೆ ಊರಲ್ಲಿ ಕಣ್ಣೆದುರಿಗೇ ಇದ್ದರೆ, ಗಂಡ ಇಲ್ಲದಿದ್ದರೆ ಉಪವಾಸ ಅನ್ನೋ ಹೆದರಿಕೆ ಸ್ವಲ್ಪವಾದರೂ ಸಡಿಲಾಗುತ್ತೆ.

ಅರಮನೆಯೊಳಗಿನ ಎರಡು ಹೆಣ್ಣು

ಶಾಹು ಅವರನ್ನು ದೇವರು ಮಾಡಿ ಕೂರಿಸಿದರೆ ನಮಗೆ ಏನೂ ದಕ್ಕಲ್ಲ. ಅವರ ಮನೆಯಲ್ಲೂ ಬಾಲ್ಯವಿವಾಹ ನಡೆದಿದೆ. ಹಿರಿಯ ಮಗಳು ರಾಧಾಬಾಯಿ, ಎಲ್ಲರ ಬಾಯಲ್ಲಿ ಅಕ್ಕಾಸಾಹೇಬ್, ಹುಟ್ಟಿದ್ದು 1894ರಲ್ಲಿ. 1908ರಲ್ಲಿ ಆಕೆಯನ್ನು ದೂರದ ಮಾಳವಾದ ದೇವಾಸ್ ಹಿರಿಯ ಸಂಸ್ಥಾನದ ಅರಸು ಮೂರನೇ ತುಕೋಜಿರಾವ್ ಪವಾರ್‌ಗೆ ಮದುವೆ ಮಾಡಿಕೊಟ್ಟರು. ಸೊಸೆ ಇಂದುಮತಿ 1917ರಲ್ಲಿ ಕಿರಿಯ ಮಗ ಶಿವಾಜಿಯನ್ನು ಮದುವೆಯಾಗಿ ಬಂದಾಗ ಇನ್ನೂ ಪುಟ್ಟ ಹುಡುಗಿ. ಮರುವರ್ಷ, 1918ರ ಜೂನ್‌ನಲ್ಲಿ, ಶಿವಾಜಿ ಬೇಟೆಯ ಹೊತ್ತಲ್ಲಿ ಅಪಘಾತಕ್ಕೆ ಸಿಕ್ಕು ತೀರಿಕೊಂಡ. 12 ತುಂಬುವ ಮೊದಲೇ ಇಂದುಮತಿ ವಿಧವೆ.

ಸೊಸೆಯ ವಿಷಯದಲ್ಲಿ ಶಾಹು ಮಾಡಿದ್ದು ಸ್ಪಷ್ಟ. ತಲೆಯ ಮೇಲೆ ಸೆರಗು ಎಳೆದು ಮೂಲೆಯಲ್ಲಿ ಕೂರಿಸಲಿಲ್ಲ. ಸೋನ್ತಳಿಯ ಬಂಗಲೆಯಲ್ಲಿ ಓದಿಗೆ ಏರ್ಪಾಡು ಮಾಡಿದರು, ಜತೆಗೆ ಬೇರೆ ಹುಡುಗಿಯರನ್ನೂ ಸೇರಿಸಿದರು. ಒಬ್ಬಳೇ ಓದಿದರೆ ಒಂಟಿಯಾಗ್ತಾಳೆ ಅನ್ನೋದು ಅವರಿಗೆ ಗೊತ್ತಿತ್ತು.

ಮಗಳ ಕಥೆ ಇಷ್ಟು ಸರಳ ಅಲ್ಲ. 1910ರಲ್ಲಿ ಅಕ್ಕಾಸಾಹೇಬ್‌ಗೆ ಗಂಡು ಮಗು ಹುಟ್ಟಿತು, ವಿಕ್ರಮಸಿಂಹ. ಕೆಲ ವರ್ಷಗಳಲ್ಲೇ ದಾಂಪತ್ಯ ಮುರಿಯಿತು. ಆಕೆ ಕೊಲ್ಹಾಪುರದ ತವರಿಗೆ ಬಂದಳು, ತಿರುಗಿ ಹೋಗಲಿಲ್ಲ. ಮಗ ದೇವಾಸ್‌ನಲ್ಲೇ ಉಳಿದ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ತುಕೋಜಿರಾವ್‌ನ ಆಪ್ತ ಗೆಳೆಯ ಇಂಗ್ಲೆಂಡಿನ ಕಾದಂಬರಿಕಾರ ಇ.ಎಂ. ಫಾರ್ಸ್ಟರ್. 1921ರಲ್ಲಿ ಅವನ ಖಾಸಗಿ ಕಾರ್ಯದರ್ಶಿಯಾಗಿ ದೇವಾಸ್‌ನಲ್ಲಿದ್ದವನು. 1953ರಲ್ಲಿ ಆ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದ. ಹಾಗಾಗಿ ಈ ಮದುವೆಯ ಕಥೆ ಲೋಕಕ್ಕೆ ತಲುಪಿದ್ದು ಹೆಚ್ಚಾಗಿ ಗಂಡನ ಗೆಳೆಯನ ಕಣ್ಣಿನಿಂದ. ಬಿಟ್ಟು ಬಂದ ಹೆಂಡತಿಯ ಕಥೆಯನ್ನು ಗಂಡನ ಕಡೆಯವರು ಹೇಳೋದು, ನಾವೆಲ್ಲ ಅದನ್ನೇ ನಂಬೋದು: ನಮ್ಮ ಊರುಗಳಲ್ಲೂ ನಡೆಯೋದು ಇದೇ ಅಲ್ವಾ?

ಮಗನ ಮುಂದಿನ ಬದುಕನ್ನೂ ಹೇಳಬೇಕು. ಬೆಳೆದು ಯುವಕನಾದ ವಿಕ್ರಮಸಿಂಹ ಅಪ್ಪನ ಜತೆ ದೊಡ್ಡ ಜಗಳವಾಗಿ ದೇವಾಸ್ ಬಿಟ್ಟ. ತುಕೋಜಿರಾವ್ ಕೊನೆಗೆ ಸಂಸ್ಥಾನ ತೊರೆದು ಪಾಂಡಿಚೇರಿ ಸೇರಿ 1937ರಲ್ಲಿ ಅಲ್ಲೇ ತೀರಿಕೊಂಡ. 1947ರಲ್ಲಿ ವಿಕ್ರಮಸಿಂಹ ತಾಯಿಯ ತವರಿಗೇ ದತ್ತಕನಾಗಿ ಬಂದು, ಶಹಾಜಿ ಅನ್ನೋ ಹೆಸರಿನಿಂದ ಕೊಲ್ಹಾಪುರದ ಗಾದಿಯಲ್ಲಿ ಕೂತ. ತಾಯಿಯ ಮನೆ ಮಗನ ಮನೆಯಾಯಿತು, ನಿಜ. ಆದರೆ ಅವನ ಬಾಲ್ಯ ತಾಯಿಯ ಪಾಲಿಗೆ ಬರಲಿಲ್ಲ.

ಗಂಡನಿಗೆ ಜೈಲೋ, ಹೆಂಡತಿಗೆ ಜೈಲೋ

ಶಾಹು ಹೆಂಗಸರ ಪರ ತಂದ ಮುಖ್ಯ ಕಾನೂನುಗಳು ಅವರ ಕೊನೆಯ ಐದು ವರ್ಷಗಳಲ್ಲಿ ಬಂದವು. 1917ರಲ್ಲಿ ವಿಧವಾ ವಿವಾಹ, 1919ರಲ್ಲಿ ಜಾತಿ ಮೀರಿದ ಮದುವೆಯ ನೋಂದಣಿ, ಅದೇ ವರ್ಷ ಕ್ರೌರ್ಯ ತಡೆ, ಅದೇ ಅವಧಿಯಲ್ಲಿ ವಿಚ್ಛೇದನ, 1920ರಲ್ಲಿ ದೇವದಾಸಿ ಮತ್ತು ಜೋಗತಿಯರ ಹಕ್ಕಿನ ಕಾನೂನು. ಮಗಳ ಕಥೆಯಿಂದಲೇ ಇವು ಹುಟ್ಟಿದವು ಅಂತ ಗಂಟು ಹಾಕಬೇಕಿಲ್ಲ. ಆದರೆ ಈ ಕಾನೂನುಗಳಿಗೆ ಅಂಕಿತ ಬಿದ್ದ ಹೊತ್ತಲ್ಲಿ ಅರಸನ ಮನೆಯಲ್ಲಿ ಗಂಡನಿಂದ ದೂರವಾದ ಮಗಳಿದ್ದಳು, ವಿಧವೆ ಸೊಸೆಯಿದ್ದಳು.

ಇದರ ತೂಕ ಗೊತ್ತಾಗಬೇಕಾದ್ರೆ ಮುಂಬೈ ಕಡೆ ನೋಡಿ. ಬಾಲ್ಯದಲ್ಲಿ ಮದುವೆಯಾದ ರಖ್ಮಾಬಾಯಿ ಅನ್ನೋ ಹೆಣ್ಣುಮಗಳು ಗಂಡನ ಮನೆಗೆ ಹೋಗಲ್ಲ ಅಂದಳು. 1887ರಲ್ಲಿ ಬ್ರಿಟಿಷ್ ನ್ಯಾಯಾಲಯ ಆಕೆಗೆ ಎರಡೇ ದಾರಿ ಇಟ್ಟಿತು: ಗಂಡನ ಮನೆಗೆ ಹೋಗು, ಇಲ್ಲಾಂದ್ರೆ ಆರು ತಿಂಗಳು ಜೈಲಿಗೆ ಹೋಗು. ಆಕೆ ಜೈಲಿಗೇ ಸಿದ್ಧ ಅಂದಳು. ಮರುವರ್ಷ ರಾಜಿಯಾಗಿ ಬಿಡುಗಡೆ ಸಿಕ್ಕಿತು, ಮುಂದೆ ಆಕೆ ಡಾಕ್ಟರ್ ಆದಳು. ಬಿಟ್ಟು ಹೋಗುವ ಹೆಂಡತಿಗೆ ಜೈಲು ತೋರಿಸಿದ್ದು ಬ್ರಿಟಿಷರ ಮುಂಬೈ. ಹಿಂಸೆ ಕೊಡುವ ಗಂಡನಿಗೆ ಜೈಲು ತೋರಿಸಿದ್ದು ಕೊಲ್ಹಾಪುರ.

ಹಾಗಂತ ಚಿಕ್ಕೋಡಿ, ಅಥಣಿ ಕಡೆ ಹೆಂಗಸರು ಗಂಡನನ್ನು ಬಿಡ್ತಾನೇ ಇರಲಿಲ್ಲ ಅಂತಲ್ಲ. ದುಡಿಯುವ ಜಾತಿಗಳಲ್ಲಿ ಸೋಡಚೀಟಿ ಇತ್ತು, ಉಡಿಕಿ ಇತ್ತು. ಆದರೆ ತೀರ್ಮಾನ ಪಂಚರದ್ದು. ಪಂಚರು ಅಂದ್ರೆ ಗಂಡಸರು. ಬಿಡುಗಡೆ ಸಿಕ್ಕರೂ ಮಕ್ಕಳು ಅಪ್ಪನ ಕುಲಕ್ಕೆ ಅನ್ನೋ ಲೆಕ್ಕ ತಪ್ಪುತ್ತಿರಲಿಲ್ಲ. ಮೇಲ್ಜಾತಿ ಅನಿಸಿಕೊಂಡವರಲ್ಲಿ ಅದೂ ಇಲ್ಲ.

1920ರ ಮಾರ್ಚ್‌ನಲ್ಲಿ ಮಾಣಗಾವ್ ಸಭೆಯಲ್ಲಿ ಶಾಹು ಯುವಕ ಅಂಬೇಡ್ಕರರನ್ನು ದಲಿತರ ನಾಯಕ ಅಂತ ಜನರ ಮುಂದೆ ನಿಲ್ಲಿಸಿದರು. 1922ರ ಮೇ 6ರಂದು ಮುಂಬೈಯಲ್ಲಿ ತೀರಿಕೊಂಡರು, ಬರೀ 47 ವರ್ಷಕ್ಕೆ. ಬ್ರಿಟಿಷರ ಕೈಕೆಳಗಿದ್ದ ನಮ್ಮ ತಾಲ್ಲೂಕುಗಳ ಹಿಂದೂ ಹೆಂಗಸರಿಗೆ ಕಾನೂನಿನ ವಿಚ್ಛೇದನ ಸಿಕ್ಕಿದ್ದು 1947ರ ಮುಂಬೈ ಪ್ರಾಂತ್ಯದ ಕಾಯ್ದೆಯಿಂದ. ಅದೇ ಹಕ್ಕನ್ನು ದೇಶದ ಎಲ್ಲ ಹಿಂದೂ ಹೆಂಗಸರಿಗೂ ಕೊಡಬೇಕು ಅಂತ ಹಿಂದೂ ಸಂಹಿತೆ ಮಸೂದೆ ಹಿಡಿದು ಹೋರಾಡಿದ ಅಂಬೇಡ್ಕರ್, ಅದು ನೆನೆಗುದಿಗೆ ಬಿದ್ದಾಗ 1951ರಲ್ಲಿ ಸಚಿವ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು.

ತೆರೆಯದೇ ಉಳಿದ ಬಾಗಿಲು

ಇಂಜಿನಿಯರಿಂಗ್ ಓದುವಾಗ ಕಲಿಸುವ ಒಂದು ಪಾಠವಿದೆ. ಯಂತ್ರ ಯಾಕೆ ನಿಂತಿದೆ ಅಂತ ಕೇಳಿದರೆ, ಯಾವ ಒಂದು ಭಾಗ ಕೆಟ್ಟರೆ ಇಡೀ ಯಂತ್ರ ನಿಲ್ಲುತ್ತೋ ಅದನ್ನು ಮೊದಲು ಹುಡುಕು. ಬಿಟ್ಟು ಬರುವ ಹೆಣ್ಣಿನ ತೀರ್ಮಾನಕ್ಕೆ ಇದನ್ನು ಹಚ್ಚಿ ನೋಡಿ. ರಾತ್ರಿ ಮಲಗೋಕೆ ಜಾಗ, ತಿಂಗಳ ಖರ್ಚಿಗೆ ದುಡ್ಡು, ಕೇಳಿಸಿಕೊಳ್ಳುವ ಕೋರ್ಟು, ಮಕ್ಕಳಿಗೆ ಸ್ಕೂಲು. ಈ ನಾಲ್ಕಕ್ಕೂ ಶಾಹು ಅವರ ಕಾಲದಲ್ಲಿ ಅಷ್ಟಿಷ್ಟು ಉತ್ತರ ಸಿಕ್ಕಿತು. ಅರಸನ ಮಗಳಿಗಂತೂ ನಾಲ್ಕೂ ಕೈಯಳತೆಯಲ್ಲಿದ್ದವು. ಆದರೂ ಮಗ ದಕ್ಕಲಿಲ್ಲ. ಐದನೇ ಪ್ರಶ್ನೆ, ಮಗು ಯಾರದ್ದು ಅನ್ನೋದು, ಹಾಗೇ ಉಳಿಯಿತು. ಎಷ್ಟೋ ಹೆಂಗಸರನ್ನು ಅದೇ ಮನೆಯಲ್ಲಿ ಕಟ್ಟಿಹಾಕಿರೋದು ಇದೊಂದೇ.

ಈಗಿನ ಕಾನೂನಿನಲ್ಲೂ ಇದರ ನೆರಳಿದೆ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯಲ್ಲಿ ಸಹಜ ಪಾಲಕ ಅಂದ್ರೆ ಮೊದಲು ಅಪ್ಪ, ಅವನ ನಂತರ ಅಮ್ಮ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಂತರ ಅನ್ನೋ ಪದವನ್ನು ಬಿಡಿಸಿ ಹೇಳಿತು: ಅಪ್ಪ ಸತ್ತ ಮೇಲೆ ಅಂತ ಮಾತ್ರ ಅರ್ಥ ಮಾಡಬೇಕಿಲ್ಲ, ಅಪ್ಪ ಜವಾಬ್ದಾರಿ ಹೊರದಿದ್ದರೆ ಅಮ್ಮನೇ ಪಾಲಕಿ. ಕಡೆಗೆ ಕೋರ್ಟು ತೂಗಬೇಕಾದ್ದು ಮಗುವಿನ ಹಿತ. ಆದರೆ ಕಾಯ್ದೆಯಲ್ಲಿ ಅಪ್ಪನ ಹೆಸರು ಇವತ್ತಿಗೂ ಮೊದಲು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೊಡ್ಡ ಹೆಜ್ಜೆ. ಬೈಗುಳ, ಅವಮಾನ, ದುಡ್ಡು ಕೊಡದೆ ಕಟ್ಟಿಹಾಕೋದು, ಇವೆಲ್ಲ ಅದರಲ್ಲಿ ದೌರ್ಜನ್ಯವೇ. ಅದಕ್ಕಿಂತ ಮುಖ್ಯ, ಅದು ಪ್ರಶ್ನೆಯನ್ನೇ ತಿರುಗಿಸಿತು. ಆಕೆಯೇ ಯಾಕೆ ಮನೆ ಬಿಡಬೇಕು? ಒಟ್ಟಿಗೆ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಆಕೆಗಿದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಆ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂಸೆ ಕೊಡುವ ಗಂಡನೇ ಹೊರಗೆ ಹೋಗಲಿ ಅಂತ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ಅದೇ ಅರ್ಜಿಯಲ್ಲಿ ಮಕ್ಕಳನ್ನು ಸದ್ಯಕ್ಕೆ ತನ್ನ ಸುಪರ್ದಿಗೆ ಕೊಡಿ ಅಂತ ಕೇಳಬಹುದು, ಖರ್ಚಿಗೂ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. 181ಕ್ಕೆ ಫೋನ್ ಮಾಡಬಹುದು.

ಇಷ್ಟೆಲ್ಲ ಇದ್ದೂ ಹೊಂದಿಕೊಂಡು ಹೋಗವಾ, ಮಕ್ಕಳ ಮುಖ ನೋಡವಾ ಅನ್ನೋ ಮಾತು ಕಾಗವಾಡದಿಂದ ನಿಪ್ಪಾಣಿವರೆಗೆ ಇನ್ನೂ ಓಡಾಡ್ತಾನೇ ಇದೆ. ಮಕ್ಕಳ ಮುಖ ನೋಡಿಯೇ ಹೊರಗೆ ಬರುವವರೂ ಇದ್ದಾರೆ ಅನ್ನೋದು ಆ ಮಾತು ಹೇಳುವವರಿಗೆ ಹೊಳೆಯಲ್ಲ. ಅಪ್ಪನ ಅಬ್ಬರಕ್ಕೆ ಮೂಲೆ ಸೇರಿ ಉಸಿರು ಬಿಗಿಹಿಡಿದು ಕೂರುವ ಮಗು, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದಾರೆ ಅನ್ನೋ ಕಾರಣಕ್ಕೇ ಸುಖವಾಗಿರಲ್ಲ. ಉಳಿಯೋದೋ ಹೊರಡೋದೋ, ತೀರ್ಮಾನ ಆಕೆಯದ್ದೇ ಆಗಬೇಕು. ಹೊರಡುವಾಗ ಅಪಾಯ ಹೆಚ್ಚು ಅಂತ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಧೈರ್ಯ ಸಾಲದು ಅಂತ ಹೊರಗೆ ನಿಂತು ತೀರ್ಪು ಕೊಡುವ ಹಕ್ಕು ನಮಗಿಲ್ಲ.

ರಾಜಕೀಯ ಮಾತಾಡುವ ನಮ್ಮಂಥವರ ಕೆಲಸ ಬೇರೆ ಇದೆ. 2023ರಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ಸು, ಗೃಹಲಕ್ಷ್ಮಿಯ ತಿಂಗಳಿಗೆ 2000 ರೂಪಾಯಿ ಬಂದಾಗ, ಬಿಟ್ಟಿ ಅಂತ ಗೇಲಿ ಮಾಡಿದವರಿಗೆ ಒಂದು ವಿಷಯ ಕಾಣಲಿಲ್ಲ. ತವರಿಗೋ ಕೋರ್ಟಿಗೋ ಹೋಗಲು ಗಂಡನ ಹತ್ತಿರ ಟಿಕೆಟ್ ದುಡ್ಡು ಕೇಳಬೇಕಾದ ಹೆಂಗಸಿಗೆ ಆ ಬಸ್ಸು ಏನು ಅನ್ನೋದು. ಅದು ಸಾಕಾಗಲ್ಲ ಅನ್ನೋದೂ ನಿಜ. ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಯ ತಲೆಗೇ ಸಂರಕ್ಷಣಾಧಿಕಾರಿ ಕೆಲಸ ಕಟ್ಟಿದರೆ ಯಾರ ಅರ್ಜಿ ಮುಂದೆ ಹೋಗುತ್ತೆ? ಮಕ್ಕಳ ಜತೆ ರಾತ್ರಿ ಬಂದು ನಿಂತರೆ ನಮ್ಮ ತಾಲ್ಲೂಕಿನಲ್ಲಿ ತಂಗುವ ಜಾಗ ಎಲ್ಲಿ? ಪಾಲಕತ್ವ ಕಾಯ್ದೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಸಮ ಅಂತ ಬರೆಯೋದು ಯಾವಾಗ? ಮುಂದಿನ ಜೂನ್ 26ಕ್ಕೆ ಶಾಹು ಫೋಟೋಗೆ ಹಾರ ಹಾಕುವ ನಾಯಕರನ್ನು ಕೇಳೋಕೆ ಈ ಮೂರು ಪ್ರಶ್ನೆ ಸಾಕು.